ಹೊಗೆಗೆ ಕಟ್ಟಿದ ಗೋಡೆ

ಹೋದ ವಾರ ಗುಜರಿ ಸಾಬರು ಟೆಂಪೋ ನಿಲ್ಲಿಸಿಕೊಂಡು ಪಕ್ಕದ ಮನೆಯ ಹಿತ್ತಿಲಿನಿಂದ ಹಳೆಯ ಸಾಮಾನು ತುಂಬಿಸುತ್ತಿದ್ದರು. ತುಕ್ಕು ಹಿಡಿದ ತಗಡು, ಮುರಿದ ಪಂಪು, ಮಕ್ಕಳ ಸೈಕಲ್ಲಿನ ಚಕ್ರ. ಅದರ ಮಧ್ಯೆ ಒಂದು ಕಬ್ಬಿಣದ ಬರ್ನರು ಸಿಕ್ಕಿತು. ಅದನ್ನು ಎತ್ತಿ ಹಿಡಿದು ಜಗಲಿಯ ಮೇಲಿದ್ದ ನನ್ನನ್ನು ಕೇಳಿದರು. “ಇದೇನಜ್ಜಿ, ಇಷ್ಟು ದಪ್ಪ ತೂತು? ಯಾವ ಕಾಲದ ಸ್ಟೌ ಇದು?”

ಗೋಬರ್ ಗ್ಯಾಸ್ ಒಲೆಯ ಬರ್ನರು ಅದು. ಸಗಣಿಯ ಗ್ಯಾಸಿಗೆ ಒತ್ತಡ ಕಮ್ಮಿ, ಅದಕ್ಕೇ ತೂತು ದಪ್ಪ. ಕೈಗೆ ತೆಗೆದುಕೊಂಡು ನೋಡಿದೆ. ಮೂಸಿದೆ ಕೂಡ. ಬರೀ ತುಕ್ಕಿನ ವಾಸನೆ. ಆದರೂ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು... ನನ್ನ ಹಸುಗಳ ಸಗಣಿಯಲ್ಲಿ ಉರಿದು, ನನ್ನ ಅಡಿಗೆ ಬೇಯಿಸದೆ ಹೋದ ಒಲೆ.

“ತಗಂಡೋಗಿ ಸಾಬ್ರೇ. ಅದರ ಪಾಪ ತೂಕಕ್ಕೆ ಬರಲ್ಲ,” ಅಂದೆ. ಅವರು ನಕ್ಕು ಟೆಂಪೋಗೆ ಎಸೆದರು.

ಆ ಒಲೆಯ ಒಡತಿ ನನ್ನ ಓರಗಿತ್ತಿ. ನಮ್ಮ ಮನೆಯವರ ಅಣ್ಣನ ಹೆಂಡತಿ. ನಾನು ಅಕ್ಕ ಅಂತಲೇ ಕರೆಯುತ್ತಿದ್ದೆ. ಕೊನೆಯವರೆಗೂ ಅಕ್ಕ ಅಂತಲೇ ಬೈದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಹಾಗೆ ಅನ್ನುವವರು ಅವಳ ಪಕ್ಕದ ಮನೆಯಲ್ಲಿ ಬಾಳಿದವರಲ್ಲ. ನನ್ನ ಮೊದಲ ಬಾಣಂತನ ಮಾಡಿದವಳೂ ಅವಳೇ. ಕಷಾಯ ಕಾಯಿಸಿ ಕುಡಿಸಿದಳು, ಮಗುವಿಗೆ ನೀರೆರೆದಳು. ಅದನ್ನೂ ಬರೆದಿಡುತ್ತೇನೆ, ನಾನು ಸುಳ್ಳು ಹೇಳಿದೆ ಅಂತ ನಾಳೆ ಯಾರೂ ಆಡಬಾರದು.

ನಮ್ಮದು ನೊಣವಿನಕೆರೆಗೂ ತುರುವೇಕೆರೆಗೂ ನಡುವಿನ ಊರು. ಮೊದಲು ಒಂದೇ ಮನೆ, ಉದ್ದನೆಯದು. ಅಣ್ಣತಮ್ಮಂದಿರು ಭಾಗವಾದಾಗ ನಡುವೆ ಮಣ್ಣಿಟ್ಟಿಗೆಯ ಗೋಡೆ ಎಬ್ಬಿಸಿದರು. ಅಟ್ಟದ ಮಟ್ಟಕ್ಕೆ ಬಂದಾಗ ನಿಲ್ಲಿಸಿದರು. ಅಟ್ಟದ ತೊಲೆಗಳು ಆ ತುದಿಯಿಂದ ಈ ತುದಿಗೆ ಒಂದೇ ಮರ, ಅದನ್ನು ಕುಯ್ಯಬೇಡಿ ಅಂತ ಮಾವನವರು ಹೇಳಿದ್ದರು. ಹಾಗಾಗಿ ಕೆಳಗೆ ಎರಡು ಮನೆ, ಮೇಲೆ ಒಂದೇ ಅಟ್ಟ. ನಡುವೆ ಒಂದು ಬಿದಿರಿನ ತಡಿಕೆ. ಆ ಕಡೆ ಅವರ ಕಾಯಿ, ಈ ಕಡೆ ನಮ್ಮ ಕಾಯಿ.

ನಮ್ಮ ಸೀಮೆಯಲ್ಲಿ ಕೊಬ್ಬರಿ ಮಾಡುವ ಕಾಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಅಟ್ಟಕ್ಕೆ ಹಾಕಿ ಮುಂದಿನ ವರ್ಷದವರೆಗೆ ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಉಂಡೆ ಗುಡುಗುಡು ಅನ್ನಬೇಕು. ಆಮೇಲೆ ಸುಲಿದು ಚಿಪ್ಪು ಬಿಡಿಸಿದರೆ ಇಡೀ ಉಂಡೆ ಕೊಬ್ಬರಿ. ತಿಪಟೂರು ಮಂಡಿಯಲ್ಲಿ ಅದಕ್ಕೇ ಮರ್ಯಾದೆ. ಕೆಳಗೆ ನಾವು ಅಡಿಗೆ ಮಾಡುತ್ತಿದ್ದೆವು, ಮೇಲೆ ಕೊಬ್ಬರಿ ಆಗುತ್ತಿತ್ತು. ಇವೆರಡಕ್ಕೂ ನಂಟಿದೆ ಅಂತ ಯಾರೂ ಯೋಚಿಸಿರಲಿಲ್ಲ. ಹೆಂಗಸರ ಹೊಗೆಯ ಬಗ್ಗೆ ಯಾರು ಯೋಚಿಸುತ್ತಾರೆ.

ನನ್ನ ಕಣ್ಣು ಮೊದಲಿಂದಲೂ ಸೂಕ್ಷ್ಮ. ಎಡಮಟ್ಟೆ, ಸೋಗೆ, ಚಿಪ್ಪು, ಹೀಗೆ ತೆಂಗಿನ ಮರ ಉದುರಿಸಿದ್ದೆಲ್ಲ ನಮ್ಮ ಒಲೆಗೆ. ಮಳೆಗಾಲದಲ್ಲಿ ಹಸಿ ಎಡಮಟ್ಟೆ ಊದಿ ಊದಿ ಕಣ್ಣು ಕೆಂಡವಾಗುತ್ತಿತ್ತು. ಒಂದು ಸಲ ಸ್ಕೂಲಿನಲ್ಲಿ ಕಣ್ಣಿನ ಕ್ಯಾಂಪು ನಡೆಯಿತು. ಡಾಕ್ಟರಮ್ಮ ನನ್ನ ಬಲಗಣ್ಣಿನ ರೆಪ್ಪೆ ಮಗುಚಿ, ಟಾರ್ಚು ಬಿಟ್ಟು ನೋಡಿದರು. “ನೀವು ಹೊಗೆ ಬಿಡಬೇಕಮ್ಮ. ಇಲ್ಲದಿದ್ರೆ ಈ ಕಣ್ಣು ನಿಮ್ಮನ್ನ ಬಿಡುತ್ತೆ,” ಅಂದರು. ನಾನು ಹೂಂ ಅಂದೆ. ಹೊಗೆ ಬಿಟ್ಟು ಅಡಿಗೆ ಮಾಡುವುದು ಹೇಗೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ವರ್ಷವೇ ಗೋಬರ್ ಗ್ಯಾಸಿನವರು ಬಂದರು. ತೆಂಗಿಗೆ ನುಸಿ ರೋಗ ಬೀಳುವುದಕ್ಕೆ ಮುಂಚಿನ ಮಾತು. ಡೈರಿಯ ಮುಂದೆ ಜನ ಸೇರಿಸಿ ಇಂಜಿನಿಯರು ಭಾಷಣ ಮಾಡಿದರು. “ಸೀಮೆಎಣ್ಣೆ, ಸಿಲಿಂಡರ್ ಗ್ಯಾಸು ಎಲ್ಲ ಹಡಗಿನಲ್ಲಿ ಹೊರದೇಶದಿಂದ ಬರುತ್ತೆ. ಇವತ್ತಲ್ಲ ನಾಳೆ ಮುಗಿಯುತ್ತೆ. ಕಾಡೂ ಮುಗೀತಾ ಬಂತು. ಅದಕ್ಕೇ ಡೆಲ್ಲಿಯಲ್ಲಿ ತೀರ್ಮಾನ ಆಗಿದೆ. ಇನ್ನು ಮುಂದೆ ಹಳ್ಳಿ ಒಲೆ ಹಳ್ಳಿ ಸಗಣಿಯಲ್ಲೇ ಉರೀಬೇಕು.”

ಹಿಂದೆ ಕುಳಿತಿದ್ದ ಮುದುಕನೊಬ್ಬ, “ಹಂಗಾರೆ ಡೆಲ್ಲಿಯೋರ ಒಲೆ ಯಾವುದ್ರಲ್ಲಿ ಉರೀತದೆ ಸ್ವಾಮಿ?” ಅಂದ. ಜನ ಗೊಳ್ಳೆಂದರು. ನಾನು ನಗಲಿಲ್ಲ. ಹೊಗೆ ಬರುವುದಿಲ್ಲ ಅನ್ನುವ ಒಂದು ಮಾತು ಮಾತ್ರ ನನ್ನ ಕಿವಿಗೆ ಬಿದ್ದಿತ್ತು.

ದನ ಇರುವ ಮನೆಗೆ, ಹೆಂಗಸಿನ ಹೆಸರಿಗೆ ಕೊಡುತ್ತೇವೆ ಅಂದರು. ದನ ಇದ್ದದ್ದು ನಮ್ಮಲ್ಲಿ. ಅಕ್ಕ ತನ್ನವನ್ನು ಮಾರಿ ಪಂಪು ಹಾಕಿಸಿದ್ದಳು. ನನ್ನ ಹೆಸರಿಗೇ ಮಂಜೂರಾಯಿತು. ಆದರೆ ಗುಂಡಿ ತೋಡಲು ನಮಗೆ ಜಾಗವಿಲ್ಲ. ಭಾಗದಲ್ಲಿ ಹಿತ್ತಿಲು ಭಾವನವರಿಗೆ ಹೋಗಿತ್ತು. ನಮಗೆ ಬಂದದ್ದು ಮುಂದಿನ ಅಂಗಳ, ಅಲ್ಲಿ ಹಾರೆ ಹಾಕಿದರೆ ಬಂಡೆ. ಸ್ಕೀಮು ಕೈ ತಪ್ಪುತ್ತದೆ ಅಂತ ನಾನು ಕುಗ್ಗಿ ಕುಳಿತಿದ್ದಾಗ ಅವಳೇ ಬಂದಳು.

“ಅದ್ಯಾಕೆ ಹಂಗೆ ಮಕ ಇಳೆಬುಟ್ಕಂಡು ಕುಂತಿದೀಯೇ? ನಮ್ಮ ಹಿತ್ಲಲ್ಲಿ ತೋಡ್ಸು. ಸಗಣಿ ನಿಂದು, ಜಾಗ ನಂದು. ಎರಡು ಪೈಪು ಎಳೆಸಿ ಇಬ್ರೂ ಉರಿಸ್ಕಳಾನ ಬುಡು.”

ನನಗೆ ಕಣ್ಣಲ್ಲಿ ನೀರು ಬಂತು. ಅವತ್ತು ಹೊಗೆಗಲ್ಲ.

ಗಾರೆಯವನು ಬಂದು ನೆಲದೊಳಗೆ ಇಟ್ಟಿಗೆಯ ಗುಮ್ಮಟ ಕಟ್ಟಿದ. ಪೈಪು ಬಂತು. ನನ್ನ ಮನೆಗೊಂದು, ಅವಳ ಮನೆಗೊಂದು ಒಲೆ ಬಂತು. ಕಡ್ಡಿ ಗೀರಿದರೆ ನೀಲಿ ಉರಿ. ಸದ್ದಿಲ್ಲ, ಹೊಗೆಯಿಲ್ಲ. ಮುದ್ದೆಗೆ ಎಸರಿಟ್ಟು ಅದರ ಮುಂದೆ ಸುಮ್ಮನೆ ಕುಳಿತೆ. ಊದಬೇಕಾಗಿರಲಿಲ್ಲ. ಕೈಗೆ ಏನು ಮಾಡಬೇಕೋ ತಿಳಿಯಲಿಲ್ಲ... ಅಂಥ ಕೆಲವು ತಿಂಗಳು ನನಗೂ ಇದ್ದವು. ಕಣ್ಣಿನ ಕೆಂಪು ಇಳಿದಿತ್ತು.

ಬೆಳಿಗ್ಗೆ ಎದ್ದು ಸಗಣಿ ಬಾಚಿ, ಮಂಕರಿ ಹೊತ್ತು ಅವಳ ಹಿತ್ತಿಲಿಗೆ ಹೋಗಿ, ನೀರು ಸುರಿದು ಕೈಯಲ್ಲಿ ಕಲಸಿ ತೊಟ್ಟಿಗೆ ಬಿಡುವುದು ನನ್ನ ಕೆಲಸ. ಅವಳು ಬಾಗಿಲಲ್ಲಿ ಕಾಫಿ ಕುಡಿಯುತ್ತಾ ನಿಂತಿರುತ್ತಿದ್ದಳು. ಬರಬರುತ್ತಾ ನನ್ನ ಒಲೆಯ ಉರಿ ಕುಗ್ಗಿತು. ಹಾಲು ಕಾಯುವುದಕ್ಕೂ ಹೊತ್ತಾಗುತ್ತಿತ್ತು. ಕೇಳಿದರೆ, “ನಿನ್ನ ಹಸ ಏನು ತಿಂತವೋ ಏನೋ ಕಣೇ. ಹುಲ್ಲು ಹಾಕ್ತೀಯೋ, ಬರೀ ಮಾತು ಹಾಕ್ತೀಯೋ?” ಅನ್ನುತ್ತಿದ್ದಳು. ನಾನು ಪೆದ್ದಿ, ಹಸುಗಳಿಗೆ ಇನ್ನೊಂದು ಹೊರೆ ಹುಲ್ಲು ಹಾಕಿದೆ.

ಎರಡು ಮನೆಗೂ ಗ್ಯಾಸು ತಿರುಗಿಸುವ ವಾಲ್ವು ಇದ್ದದ್ದು ಅವಳ ಅಡಿಗೆಮನೆಯಲ್ಲಿ. ಒಂದು ಹಬ್ಬದ ದಿನ ಹೂರಣದ ಬೇಳೆ ಎಷ್ಟು ಹೊತ್ತಾದರೂ ಬೇಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಆ ಕಡೆ ಹೋದೆ. ಅವಳ ಒಲೆ ಭುಗಿಭುಗಿ ಉರಿಯುತ್ತಿತ್ತು. ಮೇಲೆ ಕುಳಿತಿದ್ದದ್ದು ಸ್ನಾನದ ನೀರಿನ ಹಂಡೆ. ನನ್ನ ಕಡೆಯ ವಾಲ್ವು ಬಿಗಿಯಾಗಿ ಮುಚ್ಚಿತ್ತು.

“ಅಕ್ಕಾ, ಇದೇನಕ್ಕ?”

“ಯಾಕೆ, ನಿಮ್ಮ ಭಾವಂಗೆ ಬಿಸ್ನೀರು ಬ್ಯಾಡ್ವಾ?”

“ನನ್ನ ಕಣ್ಣು ಹೋಯ್ತದೆ ಕಣಕ್ಕ. ಡಾಕ್ಟ್ರು ಹೇಳಿದ್ದು ನಿಂಗೂ ಗೊತ್ತು.”

“ನಮ್ಮತ್ತೆ, ಅವರತ್ತೆ ಎಲ್ಲಾ ಹೊಗೇಲೇ ಬಾಳಿದ್ದು. ನಿನ್ನ ಕಣ್ಣೇನು ಗಾಜಿಂದಾ?” ಅಂದಳು. ಹಂಡೆ ಇಳಿಸಲಿಲ್ಲ.

ಮಾರನೆಯ ದಿನದಿಂದ ಸಗಣಿ ನಿಲ್ಲಿಸಿದೆ. ಅವಳು ಸೋಲುತ್ತಾಳೆ ಅಂದುಕೊಂಡಿದ್ದೆ. ಅವಳು ಸಂತೆಯಿಂದ ಎರಡು ಎಮ್ಮೆ ತರಿಸಿದಳು. ಅದೇ ವಾರ ನನ್ನ ಕಡೆಯ ಪೈಪು ಕತ್ತರಿಸಿದರು. ಗೋಡೆಯಲ್ಲಿ ಉಳಿದ ತುಂಡಿನ ಬಾಯಿಗೆ ಹಳೆಯ ಬಟ್ಟೆ ತುರುಕಿದರು.

ನಮ್ಮಲ್ಲಿ ಭಾವನ ಎದುರು ತಮ್ಮನ ಹೆಂಡತಿ ನಿಂತು ಮಾತಾಡುವುದಿಲ್ಲ. ಮಾತಾಡಬೇಕಾದವರು ನಮ್ಮ ಮನೆಯವರು. ಅವರು ಅಣ್ಣನ ಮುಂದೆ ಟವೆಲ್ಲನ್ನೂ ಹೆಗಲಿಂದ ಇಳಿಸುವ ಪೈಕಿ. “ಹೋಗ್ಲಿ ಬುಡೇ, ಮನೆ ಮಾತು ಬೀದಿಗೆ ಯಾಕೆ,” ಅಂದರು. ಇಂಜಿನಿಯರು ಬಂದಾಗ ಅವರ ಜೀಪಿನ ಬಾಗಿಲು ಹಿಡಿದು ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, “ಪ್ಲಾಂಟು ಓಡ್ತಾ ಇದೆಯಲ್ಲಮ್ಮ? ನಮಗೆ ಅಷ್ಟು ಸಾಕು,” ಅಂದರು. ದೇಶಕ್ಕೆ ಒಂದು ಒಲೆ ಉರಿದರೆ ಸಾಕಿತ್ತು. ಯಾರ ಒಲೆ ಅನ್ನುವುದು ದೇಶಕ್ಕೆ ಬೇಕಿರಲಿಲ್ಲ.

ನಾನು ಮತ್ತೆ ಎಡಮಟ್ಟೆ ಊದಲು ಕುಳಿತೆ.

ಆ ವರ್ಷಗಳಲ್ಲಿ ಊರೂರಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದರು. ನಾನೂ ಹೋಗಿ ಒಂದಿಷ್ಟು ಕಲಿತೆ. ಕಲಿತ ಮೇಲೆ ನಾನು ಊರಿನಲ್ಲಿ ಮೊದಲು ಓದಿದ್ದು ಅವಳ ಗೋಡೆಯ ಮೇಲಿದ್ದ ನನ್ನ ಹೆಸರನ್ನು. ಹಸಿರು ಬಣ್ಣದಲ್ಲಿ ‘ಹೊಗೆ ಇಲ್ಲದ ಮನೆ’ ಅಂತ ಬರೆಸಿ, ಕೆಳಗೆ ನನ್ನ ಹೆಸರು. ಸರ್ಕಾರದ ಕಾಗದದಲ್ಲಿ ಇದ್ದ ಹಾಗೆಯೇ ಬರೆದಿದ್ದರು. ಅದರ ಈಚೆ ನಾನು ಕೆಮ್ಮುತ್ತಾ ಕುಳಿತಿದ್ದೆ.

ಆ ಮನೆ ನೋಡಲು ಒಂದು ದಿನ ದೊಡ್ಡ ಆಫೀಸಿನವರು ಬಂದರು. ಕ್ಯಾಮೆರಾ ಬಂತು. ನನ್ನ ಅಡಿಗೆಮನೆಗೆ ಎಲ್ಲ ಕೇಳಿಸುತ್ತಿತ್ತು, ಗೋಡೆ ಅರ್ಧ ತಾನೇ. ಯಾರೋ ನನ್ನ ಹೆಸರು ಹಿಡಿದು ಕೂಗಿದರು. ಎದ್ದು ನಿಂತೆ. ಅಷ್ಟರಲ್ಲಿ ಆ ಕಡೆಯಿಂದ, “ನಾನೇ ಸ್ವಾಮಿ,” ಅಂದಳು ಅವಳು. ಹೊಗೆ ಹೋಗಿ ಕಣ್ಣಿಗೆ ಎಷ್ಟು ತಂಪಾಗಿದೆ ಅಂತಲೂ ಹೇಳಿದಳು... ನನ್ನ ಕಣ್ಣು, ನನ್ನ ಹೆಸರು, ಅವಳ ಬಾಯಿ. ಅವತ್ತು ಒಲೆಯ ಮುಂದೆ ನಿಂತು ಅವಳ ಮನೆ ಹಾಳಾಗಲಿ ಅಂತ ಶಾಪ ಹಾಕಿದೆ. ಶಾಪ ಹಾಕಿದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ.

ಅವಳು ಅಡಿಗೆಮನೆಗೆ ಹೊಸದಾಗಿ ಸುಣ್ಣ ಬಳಿಸಿದಳು. ಆಮೇಲೆ ಶುರುವಾಯಿತು ಹೊಸ ರಾಗ. ನನ್ನ ಒಲೆಯ ಹೊಗೆ ಗೋಡೆಯ ಮೇಲಿಂದ ಹಾದು ಅವಳ ಸುಣ್ಣ ಕಪ್ಪಾಗುತ್ತಿದೆಯಂತೆ. ನಲ್ಲಿಯ ಹತ್ತಿರ, ನಾಲ್ಕು ಜನ ಹೆಂಗಸರ ಎದುರು ಆಡಿದಳು. “ನಿನ್ನ ಹೊಗೆ ನೀನು ಇಟ್ಕಳೇ. ಮಾನ ಇದ್ರೆ ಗೋಡೆನ ಸೂರಿನ ಗಂಟ ಎತ್ತಿಸು.”

“ಎತ್ತಿಸ್ತೀನಿ ಕಣಕ್ಕ. ನಿನ್ನ ಗಾಳಿ ನಂಗೂ ಬ್ಯಾಡ,” ಅಂದೆ.

ಎತ್ತಿಸಿದೆ. ನಮ್ಮ ಮನೆಯವರು ಬೇಡ ಬೇಡ ಅಂದರೂ ಕೇಳಲಿಲ್ಲ. ಮಣ್ಣು ನಾನೇ ತುಳಿದೆ. ತಡಿಕೆ ಕಿತ್ತು, ತೊಲೆಗಳ ಸಂದುಗೊಂದಿಗೆಲ್ಲ ಇಟ್ಟಿಗೆ ತುಂಬಿ, ಹೆಂಚು ಮುಟ್ಟುವವರೆಗೆ ಗೋಡೆ ಹೋಯಿತು. ಒಂದು ಇಲಿ ದಾಟುವಷ್ಟೂ ಜಾಗ ಬಿಡಲಿಲ್ಲ. ಅವತ್ತಿನಿಂದ ಎರಡು ಮನೆಗೆ ಹಂಚಿಹೋಗುತ್ತಿದ್ದ ಹೊಗೆಯೆಲ್ಲ ನನ್ನ ಮನೆಯಲ್ಲೇ ಸುತ್ತತೊಡಗಿತು. ಮಧ್ಯಾಹ್ನದಲ್ಲೂ ಪಾತ್ರೆ ತಡವಿ ಹುಡುಕುವಷ್ಟು ಹೊಗೆ. ಹಟಕ್ಕೆ ಕಣ್ಣಿರುವುದಿಲ್ಲ.

ಆ ವರ್ಷ ಮಳೆ ಹಿಡಿದು ಬಂತು. ಮುಂದಿನ ಸಲ ಕಾಯಿ ಇಳಿಸಿದಾಗ ನಮ್ಮ ಕಡೆ ಕೊಬ್ಬರಿ ಎಂದಿನಂತೆ ಆಗಿತ್ತು. ಅವರ ಕಡೆ ಕಾಯಿ ಅಲ್ಲಾಡಿಸಿದರೆ ಗುಡುಗುಡು ಇಲ್ಲ. ಸುಲಿದವರು ಮೂಗು ಮುಚ್ಚಿಕೊಂಡರು. ಕೆಲವು ಮೊಳಕೆ ಒಡೆದಿದ್ದವು. ಉಳಿದವು ಒಳಗೇ ಕೊಳೆತು, ಹಸಿರು ಬೂಷ್ಟು ಹಿಡಿದು, ಮುಟ್ಟಿದರೆ ಬೆರಳಿಗೆ ಲೋಳೆ. ಚೆನ್ನಾಗಿದೆ ಅನ್ನಿಸಿದ್ದನ್ನು ಆರಿಸಿ ಭಾವನವರು ತಿಪಟೂರಿಗೆ ಒಯ್ದರು. ದಲ್ಲಾಳಿ ಒಂದು ಉಂಡೆ ಕೊಯ್ದು ನೋಡಿ, “ಗೌಡ್ರೇ, ಇದನ್ನ ಸೋಪು ಮಾಡೋರೂ ತಗಳಲ್ಲ,” ಅಂದನಂತೆ. ಅದೇ ಟೆಂಪೋದಲ್ಲಿ ಹೋಗಿದ್ದ ನಮ್ಮ ಮನೆಯವರು ಬಂದು ಹೇಳಿದರು. ನಾನು ಅವತ್ತು ಪಾಯಸ ಮಾಡಿದೆ.

ಊರಿನವರು ಮಾಟ ಅಂದರು. ನಾನು ಬೇಕಂತಲೇ ಮಾಡಿದೆ ಅಂತಲೂ ಅಂದರು. ಹೊಗೆಗೂ ಕೊಬ್ಬರಿಗೂ ಇಷ್ಟು ನಂಟಿದೆ ಅಂತ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಗೋಡೆಯನ್ನು ಇನ್ನೂ ಬೇಗ ಎತ್ತಿಸುತ್ತಿದ್ದೆ.

ಮೊದಲು ತಿಳಿದುಕೊಂಡವಳು ಅವಳೇ. ಬುದ್ಧಿಗೆ ಕಡಿಮೆ ಇರಲಿಲ್ಲ. ನಮ್ಮ ಕಾಯಿ ಹೊಗೆ ಕುಡಿದು ಕರ್ರಗೆ, ಅವಳ ಕಾಯಿ ಬೂದು ಬಣ್ಣಕ್ಕೆ ತಣ್ಣಗೆ. ಗ್ಯಾಸು ಬಂದು ಅವಳ ಹೊಗೆ ನಿಂತ ಮೇಲೂ ಅವಳ ಕೊಬ್ಬರಿಯನ್ನು ಕೊಳೆಯದಂತೆ ಕಾಪಾಡಿದ್ದು ಅಟ್ಟದಲ್ಲಿ ದಾಟಿ ಹೋಗುತ್ತಿದ್ದ ನನ್ನ ಒಲೆಯ ಹೊಗೆ. ಅವಳು ನಮ್ಮ ಬಾಗಿಲಿಗೆ ಬಂದಳು. ಗೋಡೆ ಎದ್ದ ಮೇಲೆ ಅವಳು ಹೊಸಿಲಿಗೆ ಬಂದದ್ದು ಅದೇ ಮೊದಲು. ನಾನು ಒಳಗೆ ಬಾ ಅನ್ನಲಿಲ್ಲ.

“ಗೋಡೆಗೆ ಮ್ಯಾಲೆ ಒಂದು ಕಿಂಡಿ ಬುಡ್ಸೇ,” ಅಂದಳು. ದನಿ ಇಳಿದಿತ್ತು. “ನಿಂಗೂ ಪೈಪು ಎಳೆಸಿಕೊಡ್ತೀನಿ. ಅಡಿಗೆ ಗ್ಯಾಸಲ್ಲಿ ಮಾಡ್ಕೊ. ಬಚ್ಚಲ ಹಂಡೆ ಒಳಗಿಟ್ಟು, ಅದಕ್ಕೆ ಮಾತ್ರ ಸೌದೆ ಉರ್ಸು. ನೀನು ಹಚ್ಚಿ ಆಚೆ ಹೋದ್ರಾಯ್ತು, ಹೊಗೆ ಪಾಡಿಗೆ ಹೊಗೆ ಹೋಯ್ತದೆ. ನಿನ್ನ ಕಣ್ಣೂ ಉಳೀತದೆ, ಕೊಬ್ರೀನೂ ಉಳೀತದೆ.”

ನ್ಯಾಯವಾದ ಮಾತು. ಮೊದಲೇ ಹಾಗೆ ಮಾಡಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಅಷ್ಟು ಹೊತ್ತಿಗೆ ನನ್ನ ಬಲಗಣ್ಣಿನ ಗುಡ್ಡೆಯ ಮೇಲೆ ಮಂಜು ಕಟ್ಟಿದ ಹಾಗೆ ಆಗಿತ್ತು. ಅವಳ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ಒಂದು ಹೂಂ ಅಂದಿದ್ದರೆ ಕಣ್ಣು ಉಳಿಯುತ್ತಿತ್ತೋ ಏನೋ...

“ನಂದೇನು ಗಾಜಿನ ಕಣ್ಣಾ, ಒಡೆದೋಗಕ್ಕೆ? ಇರ್ತದೆ ಹೋಗಕ್ಕ,” ಅಂದೆ. ಬಾಗಿಲು ಹಾಕಿದೆ.

ಬೇರೆ ದಾರಿಯಿಲ್ಲದೆ ಅವಳು ಸುಣ್ಣ ಬಳಿದ ಅಡಿಗೆಮನೆಯಲ್ಲಿ ಮತ್ತೆ ಮಣ್ಣಿನ ಒಲೆ ಹಾಕಿದಳು. ಗ್ಯಾಸಿನ ಒಲೆ ಪಕ್ಕದಲ್ಲೇ ಇತ್ತು, ಅದರಲ್ಲಿ ಅಡಿಗೆ, ಇದರಲ್ಲಿ ಹೊಗೆ. ಬರೀ ಹೊಗೆ ಮಾಡುವುದಕ್ಕೆ ಕೂತು ಒಲೆ ಊದಿದ ಹೆಂಗಸು ನಮ್ಮ ಸೀಮೆಯಲ್ಲಿ ಅವಳೊಬ್ಬಳೇ ಇರಬೇಕು. ಗೋಡೆಯಾಚೆ ಅವಳು ಕೆಮ್ಮುವುದು ಕೇಳಿದರೆ ಈಚೆ ನನ್ನ ಕೆಮ್ಮಿಗೆ ಸಮಾಧಾನವಾಗುತ್ತಿತ್ತು.

ಆಫೀಸಿನವರು ಇನ್ನೊಂದು ಸಲ ಬಂದರು. ಈ ಸಲ ಬೇರೆ ಜಿಲ್ಲೆಯ ಜನರನ್ನೂ ಕರೆತಂದಿದ್ದರು. ‘ಹೊಗೆ ಇಲ್ಲದ ಮನೆ’ ಅಂತ ಬರೆದ ಗೋಡೆಯ ಪಕ್ಕದ ಕಿಟಕಿಯಿಂದ ಹೊಗೆ ಕಂಬದ ಹಾಗೆ ಎದ್ದು ಬರುತ್ತಿತ್ತು. ಇಂಜಿನಿಯರು ಓಡಿದರು.

“ಇದೇನಮ್ಮ ಇದು? ಗ್ಯಾಸು ಬರ್ತಾ ಇಲ್ವಾ?”

“ಬತ್ತದೆ ಸ್ವಾಮಿ, ಬೇಕಾದಷ್ಟು ಬತ್ತದೆ.”

“ಮತ್ತೆ ಇದ್ಯಾತಕ್ಕೆ?”

“ಹೊಗೆಗೆ ಸ್ವಾಮಿ.”

ನಾನು ಬಾಗಿಲಿಗೆ ಬಂದು ನಿಂತು ಕೂಗಿದೆ. “ಆ ಗೋಡೆ ಮ್ಯಾಲೆ ಬರ್ದಿರೋದು ನನ್ನ ಹೆಸರು ಸ್ವಾಮಿ. ಅಳಿಸ್ಬುಡಿ. ಹೊಗೆ ಹಾಕ್ತಿರೋದು ಅವರು, ಕೆಟ್ಟ ಹೆಸರು ನನಗೆ ಬತ್ತದೆ.” ಬಂದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅವಳು ತಲೆ ತಗ್ಗಿಸಿ ಒಳಗೆ ಹೋದಳು. ಅ ಆ ಇ ಈ ಕಲಿತದ್ದು ಸಾರ್ಥಕವಾಯಿತು.

ನನ್ನ ಬಲಗಣ್ಣು ಹೋಯಿತು. ಒಂದೇ ದಿನ ಹೋಗಲಿಲ್ಲ, ದೀಪದ ಎಣ್ಣೆ ತೀರಿದ ಹಾಗೆ ಹೋಯಿತು. ನೋಟ ಹೋದರೂ ನೀರು ನಿಲ್ಲಲಿಲ್ಲ, ಹಗಲೂ ರಾತ್ರಿಯೂ ಸುರಿಯುತ್ತಲೇ ಇತ್ತು. ತುರುವೇಕೆರೆಯಲ್ಲಿ ತೋರಿಸಿದೆವು, ತುಮಕೂರಿನಲ್ಲಿ ತೋರಿಸಿದೆವು. ಎಲ್ಲರೂ ತಡವಾಯಿತು ಅಂದರು.

ಅವಳು ಸತ್ತದ್ದು ಹೊಗೆಯಿಂದಲ್ಲ. ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟ ಮುರಿದು, ಮಲಗಿದಲ್ಲೇ ಸೊರಗಿ ಹೋದಳು. ಮಲಗಿದ್ದಾಗ ನಾನು ನೋಡಲು ಹೋಗಲಿಲ್ಲ. ಅವಳೂ ಹೇಳಿ ಕಳಿಸಲಿಲ್ಲ. ಕಳಿಸಿದ್ದರೂ ಹೋಗುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ನಮ್ಮಿಬ್ಬರಿಗೆ ಒಬ್ಬರ ಬಗ್ಗೆ ಒಬ್ಬರಿಗೆ ಗೊತ್ತಿದ್ದಷ್ಟು ಗಂಡಂದಿರ ಬಗ್ಗೆಯೂ ಗೊತ್ತಿರಲಿಲ್ಲ.

ಹೆಣದ ಮುಂದೆ ಮಾತ್ರ ಹೋಗಿ ನಿಂತೆ. ಹೋಗದಿದ್ದರೆ ಓರಗಿತ್ತಿ ಬರಲಿಲ್ಲ ಅನ್ನುವ ಮಾತು ಬರುತ್ತದೆ. ಮುಖ ತೊಳೆದು ಕುಂಕುಮ ಇಟ್ಟಿದ್ದರು. ನನ್ನ ಬಲಗಣ್ಣು ಎಂದಿನಂತೆ ಸುರಿಯುತ್ತಿತ್ತು. ಸುತ್ತ ಕುಳಿತ ಹೆಂಗಸರು ನನ್ನನ್ನು ನೋಡಿ ಇನ್ನೂ ಜೋರಾಗಿ ಅತ್ತರು. ಯಾರೋ ಸೆರಗಿನಿಂದ ನನ್ನ ಕೆನ್ನೆ ಒರೆಸಲು ಬಂದು, “ಎಷ್ಟಾದ್ರೂ ಒಂದೇ ಮನೆಗೆ ಬಂದೋರು. ನೋಡ್ರೇ, ಹೆಂಗೆ ಕರುಳು ಕಿತ್ತು ಬತ್ತಾ ಅದೆ,” ಅಂದರು.

“ನಾನು ಅಳ್ತಿಲ್ಲ ಕಣ್ರೇ,” ಅಂದೆ. “ಇದು ಇವಳು ಮಾಡಿದ ಕಣ್ಣು. ಅದರ ಪಾಡಿಗೆ ಅದು ಸುರೀತದೆ.”

ಯಾರೂ ನಂಬಲಿಲ್ಲ. ದುಃಖಕ್ಕೆ ಬಾಯಿಗೆ ಬಂದದ್ದು ಆಡುತ್ತಿದ್ದಾಳೆ ಅಂದುಕೊಂಡು ನನ್ನನ್ನು ಹಿಡಿದು ಆಚೆ ಕೂರಿಸಿ, ನೀರು ಕುಡಿಸಿದರು. ಸತ್ತು ಮಲಗಿದ್ದಾಗಲೂ ಅವಳೇ ಗೆದ್ದಳು.

ಈಗ ಎರಡೂ ಮನೆಯಲ್ಲಿ ಸಿಲಿಂಡರು. ನನಗೆ ಸರ್ಕಾರದವರೇ ಕೊಟ್ಟರು, ನನ್ನ ಹೆಸರಿಗೆ, ನನ್ನ ಅಡಿಗೆಮನೆಗೇ ತಂದು ಕೂರಿಸಿ ಹೋದರು. ಹಡಗಿನಲ್ಲಿ ಬರುವ ಗ್ಯಾಸು ಮುಗಿಯುತ್ತದೆ ಅಂದಿದ್ದರಲ್ಲ, ಇನ್ನೂ ಮುಗಿದ ಹಾಗಿಲ್ಲ. ಕೊಬ್ಬರಿಗೆ ತೋಟದಲ್ಲಿ ಬೇರೆ ಶೆಡ್ಡು ಕಟ್ಟಿದ್ದಾರೆ. ಮೊನ್ನೆ ಪಂಚಾಯ್ತಿಯಿಂದ ಒಬ್ಬಳು ಹುಡುಗಿ ಬಂದು, ಬಿಸಿಲಲ್ಲೇ ಕೊಬ್ಬರಿ ಒಣಗಿಸುವ ಪ್ಲಾಸ್ಟಿಕ್ಕಿನ ಮನೆ ಬಂದಿದೆ, ದೇಶವೆಲ್ಲ ಇನ್ನು ಸೂರ್ಯನ ಮೇಲೇ ನಡೆಯುತ್ತದೆ ಅಂದಳು. ನಡೆಯಲಿ.

ಎಡಗಣ್ಣಿಗೂ ಪೊರೆ ಬಂದಿದೆ. ಇಷ್ಟು ಬರೆಯಲು ಕಾಗದವನ್ನು ಮೂಗಿನ ಹತ್ತಿರ ಹಿಡಿಯಬೇಕಾಯಿತು. ಕೆಲವು ದಿನ ಕೆಲಸವಿಲ್ಲದೆ ಕುಳಿತಾಗ ಅವಳಿಗೆ ಆಡಬಹುದಾಗಿದ್ದ ಮಾತುಗಳು ಹೊಳೆಯುತ್ತವೆ. ಆಗ ಹೊಳೆಯದ ಒಳ್ಳೊಳ್ಳೆಯ ಮಾತುಗಳು, ನೇರ ಎದೆಗೆ ನಾಟುವಂಥವು... ನಾನು ಅವಳಿಗೆ ಮಾಡಿದ್ದು ಸಾಲದು ಅಂತ ಈಗಲೂ ಅನ್ನಿಸುತ್ತದೆ. ಮಾಡೋಣ ಅಂದರೆ ಅವಳಿಲ್ಲ. ನನ್ನನ್ನು ಅಷ್ಟು ಬಲ್ಲವರು ಬೇರೆ ಯಾರೂ ಇಲ್ಲ.